ಡಾಕ್ಟರಮ್ಮನ ದೊಡ್ಡ ಚಕ್ರಗಳು

ಡಾಕ್ಟರಮ್ಮ ತೀರಿಕೊಂಡಾಗ ಇಗರ್ಜಿಯ ಅಂಗಳದಲ್ಲಿ ನೆರೆದವರೆಲ್ಲ ಒಂದೇ ಮಾತು ಆಡುತ್ತಿದ್ದರು. ಬಹಳ ಸಾಧು ಹೆಂಗಸು, ತಾನಾಯಿತು ತನ್ನ ಮನೆಯಾಯಿತು ಎಂದು ಇದ್ದವರು, ಒಂದು ದಿನವೂ ದನಿ ಎತ್ತಿ ಮಾತಾಡಿದವರಲ್ಲ. ನನಗೆ ಮೈಯೆಲ್ಲ ಉರಿಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಆದರೆ ಸುಳ್ಳನ್ನೇ ಆಡಬೇಕೆಂದು ಯಾವ ಧರ್ಮದಲ್ಲೂ ಇಲ್ಲವಲ್ಲ.

ನಾನು ಕಂಡ ಡಾಕ್ಟರಮ್ಮ ಬಂದರಿನ ಗಾಡಿಯವರಿಗೆ ಹೊಸ ಬೈಗುಳ ಕಲಿಸಿದವರು. ಕೊಂಕಣಿಯಲ್ಲಿ ಶುರುಮಾಡಿ ತುಳುವಿನಲ್ಲಿ ಮುಗಿಸುತ್ತಿದ್ದರು. ಬಸುರಿ ಹೆಂಡತಿಯಿಂದ ಬಾವಿ ನೀರು ಸೇದಿಸಿದ ಗಂಡನೊಬ್ಬನನ್ನು ಅವನದೇ ಅಂಗಳದಲ್ಲಿ ನಿಲ್ಲಿಸಿ, ಹಂಡೆ ತುಂಬುವ ತನಕ ನೀರೆಳೆಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುತ್ತಿದ್ದರು.

ನಾನು ಬೆಂಗ್ರೆಯವಳು. ನಮ್ಮದು ಕಡಲನ್ನೇ ನಂಬಿದ ಮನೆ. ಅಪ್ಪ ಅಣ್ಣಂದಿರು ಬಲೆ ಹಿಡಿದರು, ನಾನು ಹೆರಿಗೆ ಮಾಡಿಸುವುದನ್ನು ಕಲಿತೆ. ಕಲಿತು ಬಂದವಳನ್ನು ಡಾಕ್ಟರಮ್ಮ ತಮ್ಮ ಜೊತೆಗೆ ಸೇರಿಸಿಕೊಂಡರು. ಅವರು ಮದರಾಸಿನಲ್ಲಿ ಓದಿ ಬಂದವರು, ನನಗಿಂತ ಸ್ವಲ್ಪವೇ ಹಿರಿಯರು. ಗಿಡ್ಡ ದೇಹ, ಗಟ್ಟಿ ಕೈಗಳು, ಹೆಗಲಿನಲ್ಲಿ ಪಿನ್ನು ಚುಚ್ಚಿದ ಸೀರೆ. ಕೊಡಿಯಾಲ್‌ಬೈಲಿನಲ್ಲಿ ವಕೀಲರಾದ ಅಣ್ಣನ ಮನೆಯಲ್ಲಿ ಇದ್ದರು. ಯುದ್ಧ ಶುರುವಾಗುವ ಮೊದಲೇ ತಮ್ಮ ದುಡಿಮೆಯಿಂದ ಒಂದು ಬೇಬಿ ಕಾರು ಕೊಂಡಿದ್ದರು. ಹೆಂಗಸೊಬ್ಬಳು ಕಾರು ಬಿಡುವುದನ್ನು ನೋಡಲು ಜನ ಅಂಗಡಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಕಾಲ ಅದು.

ಕಾರು ಬಿಡುವುದರಲ್ಲಿ ಅವರಿಗೆ ಬಾರದ ವಿದ್ಯೆ ಒಂದೇ. ಹಿಂದಕ್ಕೆ ತೆಗೆಯುವಾಗ ಅವರು ಹಿಂದೆ ನೋಡುತ್ತಿರಲಿಲ್ಲ. ಕುತ್ತಿಗೆ ತಿರುಗಿಸುವುದು ಅವರ ಮರ್ಯಾದೆಗೆ ಕಡಿಮೆ ಎಂದು ತೋರುತ್ತದೆ. ನಾನು ಇಳಿದು ಕಾರಿನ ಹಿಂದೆ ನಿಂತು ಚಪ್ಪಾಳೆ ತಟ್ಟಬೇಕು. ತಟ್ಟುತ್ತಾ ಇದ್ದರೆ ಬರಬಹುದು, ನಿಲ್ಲಿಸಿದರೆ ನಿಲ್ಲಬೇಕು. ಮಣ್ಣಗುಡ್ಡದ ಒಂದು ಓಣಿಯಲ್ಲಿ ನಾನು ಮಗುವಿನ ಹುಟ್ಟಿನ ಸಂತೋಷಕ್ಕೆ ಯಾರದೋ ಮನೆಯಲ್ಲಿ ಕೊಟ್ಟ ಬಾಳೆಹಣ್ಣು ತಿನ್ನುತ್ತಾ ಚಪ್ಪಾಳೆ ಮರೆತೆ, ಅವರು ಬಿಸಿಲಿನಲ್ಲಿ ಹಾಗೆಯೇ ಕುಳಿತೇ ಇದ್ದರು. "ಬಾಳೆಹಣ್ಣು ಮುಗಿಯಿತಾ, ಅಥವಾ ಇನ್ನೊಂದು ಉಂಟಾ?" ಎಂದರು, ಅಷ್ಟೆ.

ಊರೆಲ್ಲ ಹೀಗಿದ್ದವರು ಮನೆಯ ಗೇಟು ಬಂದ ಕೂಡಲೇ ಬೇರೆಯೇ ಆಗುತ್ತಿದ್ದರು. ದನಿ ಇಳಿಯುತ್ತಿತ್ತು, ಸೆರಗು ಸರಿಯಾಗುತ್ತಿತ್ತು. ಅಣ್ಣ ಕೆಟ್ಟವರಲ್ಲ. ತಂಗಿಯನ್ನು ಮದರಾಸಿಗೆ ಕಳಿಸಿ ಓದಿಸಿದವರು ಅವರೇ. ಆದರೆ ಓದಿಸಿದ ಮೇಲೆ ಆ ಓದು ಮನೆಯ ಶೋಕೇಸಿನಲ್ಲಿ ಇರಬೇಕೆಂಬ ಆಸೆ ಅವರಿಗೆ. ಮನೆಯ ಮುಂದಿನ ಕೋಣೆಯನ್ನು ಖಾಲಿ ಮಾಡಿಸಿ, ಮೇಜು ಕುರ್ಚಿ ಹಾಕಿಸಿ, ಬಾಗಿಲಿಗೆ ಪರದೆ ಕಟ್ಟಿಸಿ ಇಟ್ಟಿದ್ದರು. ಒಳ್ಳೆಯ ಮನೆತನದ ರೋಗಿಗಳು ಅಲ್ಲಿಗೇ ಬರಲಿ, ತಂಗಿ ಅಲ್ಲಿಯೇ ಕೂರಲಿ. ಡಾಕ್ಟರಮ್ಮ ಆ ಕೋಣೆಯಲ್ಲಿ ಕುಳಿತದ್ದನ್ನು ನಾನು ಆಗ ಒಮ್ಮೆಯೂ ನೋಡಿರಲಿಲ್ಲ.

ಯುದ್ಧದಲ್ಲಿ ರಬ್ಬರ್ ಬೆಳೆಯುವ ದೇಶಗಳು ಜಪಾನಿನವರ ಕೈಸೇರಿದ ಮೇಲೆ ಟಯರು ಎಂಬುದು ಚಿನ್ನಕ್ಕಿಂತ ಅಪರೂಪವಾಯಿತು. ಪರ್ಮಿಟ್ ಇಲ್ಲದೆ ಸಿಗುವಂತಿಲ್ಲ. ಪರ್ಮಿಟ್ ಸಿಗಬೇಕಾದರೆ ಹೇಳುವವರು ಬೇಕು. ನಮ್ಮ ಬೇಬಿ ಕಾರಿನ ಟಯರುಗಳು ಸವೆದು ಒಳಗಿನ ನೂಲು ಕಾಣುತ್ತಿತ್ತು. ಡಾಕ್ಟರಮ್ಮ ಬೆಳಿಗ್ಗೆ ಎದ್ದು ಗರ್ಭಿಣಿಯ ಹೊಟ್ಟೆ ಮುಟ್ಟಿ ನೋಡುವ ಹಾಗೆ ನಾಲ್ಕೂ ಟಯರುಗಳನ್ನು ಮುಟ್ಟಿ ನೋಡುತ್ತಿದ್ದರು. ಪಂಚರು ಹಾಕಿ ಹಾಕಿ ಟ್ಯೂಬು ಬಡವನ ಅಂಗಿಯಂತಾಗಿತ್ತು. ಒಂದು ದಿನ ಬಾವುಟಗುಡ್ಡೆಯ ಇಳಿಜಾರಿನಲ್ಲಿ ಒಂದು ಟಯರು ಒಡೆದು ಕಾರು ಚರಂಡಿಗೆ ಮೂಗು ತೂರಿಸಿತು. ನಮಗೆ ಏನೂ ಆಗಲಿಲ್ಲ. ಆದರೆ ಸುದ್ದಿ ನಮಗಿಂತ ಮೊದಲು ಕೊಡಿಯಾಲ್‌ಬೈಲು ಮುಟ್ಟಿತ್ತು.

ಅಣ್ಣ ಜಗಲಿಯಲ್ಲಿ ಕಾಯುತ್ತಿದ್ದರು. ನಾನು ಚೀಲ ಹಿಡಿದು ಮೆಟ್ಟಿಲಿನಲ್ಲೇ ನಿಂತೆ.

"ಟಯರು ಕೊಡಿಸುದು ನನಗೆ ಕಷ್ಟ ಅಲ್ಲ," ಎಂದರು ಅವರು, ಬಹಳ ಮೆಲ್ಲಗೆ. "ಒಂದು ಮಾತು ಹೇಳಿದ್ರೆ ಬರ್ತದೆ. ಆದ್ರೆ ಟಯರು ಬಂದ ಮೇಲೆ ಕಾರು ಇಗರ್ಜಿಗೆ ಹೋಗ್ತದೆ, ನೆಂಟರ ಮನೆಗೆ ಹೋಗ್ತದೆ. ಈ ಗುಡ್ಡೆ, ಹೊಳೆ, ಓಣಿ ಎಲ್ಲ ಸಾಕು. ರೋಗಿಗಳು ಇಲ್ಲಿಗೆ ಬರ್ಲಿ."

"ಇಲ್ಲಿಗೆ ಬರ್ಲಿಕ್ಕೆ ಆಗುವವರಿಗೆ ನಾನು ಬೇಕಾಗುದಿಲ್ಲ," ಎಂದರು ಡಾಕ್ಟರಮ್ಮ.

"ನಾಳೆ ನನ್ನ ಮಗಳಿಗೆ ಮದುವೆ ಮಾತು ಬರ್ತದೆ. ಅತ್ತೆ ಚರಂಡಿಯಲ್ಲಿ ಸಿಕ್ಕಿದ್ಲು ಅಂತ ಹೇಳುದಾ? ನೀನು ಯೋಚನೆ ಮಾಡು. ನಾನು ಒತ್ತಾಯ ಮಾಡುದಿಲ್ಲ."

ಒತ್ತಾಯ ಮಾಡುವ ಅಗತ್ಯವೇ ಇರಲಿಲ್ಲ. ಉಳಿದ ಮೂರು ಟಯರುಗಳೇ ಅವರ ಪರವಾಗಿ ವಾದಿಸುತ್ತಿದ್ದವು. ಟಯರು ಮುಗಿದ ದಿನ ಡಾಕ್ಟರಮ್ಮನ ಓಡಾಟವೂ ಮುಗಿಯುತ್ತದೆ, ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಡಾಕ್ಟರಮ್ಮ ಯೋಚನೆ ಮಾಡಲಿಲ್ಲ. ಮರುದಿನವೇ ಹಂಪನಕಟ್ಟೆಯ ಉಸ್ಮಾನ್ ಬ್ಯಾರಿಗಳ ಗ್ಯಾರೇಜಿಗೆ ಹೋದರು. ಬ್ಯಾರಿಗಳಲ್ಲಿ ಗುಜರಿಗೆ ಬಂದ ಒಂದು ದೊಡ್ಡ ಕಾರು ಇತ್ತು. ಅದರ ನಾಲ್ಕು ಚಕ್ರಗಳು, ಮೇಲಿನ ಟಯರು ಸಮೇತ ಗಟ್ಟಿಮುಟ್ಟಾಗಿದ್ದವು. ನಮ್ಮ ಬೇಬಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಹುಡುಗಿಯ ಕಾಲಿಗೆ ಅಜ್ಜನ ಚಪ್ಪಲಿ.

"ಇದು ಕೂರ್ತದಾ ಬ್ಯಾರಿಗಳೇ?"

"ಕೂರಿಸುವ ಅಮ್ಮ. ಕೂರುದಿಲ್ಲ ಅಂತ ಹೇಳಿದ್ರೆ ನಾನೆಂತ ಗ್ಯಾರೇಜು ಇಡುದು?" ಬ್ಯಾರಿಗಳಿಗೆ ಉತ್ಸಾಹವೋ ಉತ್ಸಾಹ. "ಎಂತ ಆಗುದಿಲ್ಲ. ಕಾರು ಸ್ವಲ್ಪ ಎತ್ತರ ಆಗ್ತದೆ, ಮಳೆಗಾಲಕ್ಕೆ ಒಳ್ಳೇದೇ."

ಬೋಲ್ಟಿನ ತೂತುಗಳನ್ನು ಹೊಸದಾಗಿ ಕೊರೆದರು. ಚಕ್ರಗಳು ಒಳಗೆ ತಾಗದ ಹಾಗೆ ನಡುವೆ ಕಬ್ಬಿಣದ ಬಿಲ್ಲೆ ಇಟ್ಟು ಹೊರಕ್ಕೆ ತಳ್ಳಿದರು. ಮಡ್‌ಗಾರ್ಡನ್ನು ಸುತ್ತಿಗೆಯಿಂದ ಬಡಿದು ಮೇಲಕ್ಕೆತ್ತಿದರು. ಕಾರು ಹೊರಗೆ ಬಂದಾಗ ಕಚ್ಚೆ ಎತ್ತಿ ಕಟ್ಟಿ ಕೆಸರು ದಾಟುವ ಮನುಷ್ಯನಂತೆ ಇತ್ತು. ನಾನು ನಕ್ಕೆ. ಡಾಕ್ಟರಮ್ಮ ನಗಲಿಲ್ಲ. "ಹೋಗ್ತದಲ್ಲ, ಅಷ್ಟು ಸಾಕು," ಎಂದರು.

ಹೋಗುತ್ತಿತ್ತು, ನಿಜ. ಹೇಗೆ ಹೋಗುತ್ತಿತ್ತು ಎಂಬುದು ದಿನ ಕಳೆದಂತೆ ಗೊತ್ತಾಯಿತು. ಚಕ್ರ ದೊಡ್ಡದಾದ ಮೇಲೆ ಇಂಜಿನ್ನಿಗೆ ಭಾರ. ಕದ್ರಿಯ ಏರನ್ನು ಒಂದನೇ ಗೇರಿನಲ್ಲೇ ಏದುಸಿರು ಬಿಡುತ್ತಾ ಹತ್ತಬೇಕು. ಸ್ಟೇರಿಂಗ್ ರುಬ್ಬುವ ಕಲ್ಲಿನಷ್ಟು ಭಾರವಾಯಿತು. ವೇಗ ತೋರಿಸುವ ಮುಳ್ಳಿಗೆ ಚಕ್ರ ಬದಲಾದದ್ದು ತಿಳಿಯದು. ಅದು ಹಳೆಯ ಲೆಕ್ಕವನ್ನೇ ಹೇಳುತ್ತಿತ್ತು, ಕಾರು ಅದಕ್ಕಿಂತ ಜೋರಾಗಿ ಓಡುತ್ತಿತ್ತು. "ಮುಳ್ಳು ಒಂದು ಹೇಳ್ತದೆ, ರಸ್ತೆ ಬದಿಯ ತೆಂಗಿನಮರ ಇನ್ನೊಂದು ಹೇಳ್ತದೆ. ನಾನು ತೆಂಗಿನಮರವನ್ನೇ ನಂಬುದು," ಎನ್ನುತ್ತಿದ್ದರು. ಎಲ್ಲಕ್ಕಿಂತ ಕೆಟ್ಟದ್ದು ಬ್ರೇಕು. ಒಳಗಿನ ಬ್ರೇಕು ಬೇಬಿಯದು, ಹೊರಗಿನ ಚಕ್ರ ಯಾರದೋ. ಮೊದಲು ಮೆಲ್ಲಗೆ ಒತ್ತಿದರೆ ನಿಲ್ಲುತ್ತಿದ್ದ ಕಾರು ಈಗ ಎದ್ದು ನಿಂತು ತುಳಿದರೂ ಇನ್ನಷ್ಟು ದೂರ ಹೋಗಿಯೇ ನಿಲ್ಲುತ್ತಿತ್ತು.

ಇನ್ನು ತಿರುಗುವ ವಿಷಯ. ಎಡಕ್ಕೆ ಹೇಗೋ ತಿರುಗುತ್ತಿತ್ತು. ಬಲಕ್ಕೆ ಪೂರ್ತಿ ತಿರುಗಿಸಿದರೆ ಟಯರು ಒಳಗಿನ ಕಂಬಿಗೆ ಉಜ್ಜಿ ಸುಟ್ಟ ವಾಸನೆ ಬರುತ್ತಿತ್ತು. ಟಯರು ಉಳಿಯಬೇಕಲ್ಲ, ಹಾಗಾಗಿ ಡಾಕ್ಟರಮ್ಮ ಬಲಕ್ಕೆ ತಿರುಗುವುದನ್ನೇ ಬಿಟ್ಟರು. ಬಲಬದಿಯ ಓಣಿಗೆ ಹೋಗಬೇಕಾದರೆ ಮುಂದೆ ಹೋಗಿ ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ ಸುತ್ತಿ ಬರುತ್ತಿದ್ದೆವು. "ಪ್ರದಕ್ಷಿಣೆ ಆಗಿದ್ರೆ ಪುಣ್ಯವಾದ್ರೂ ಬರ್ತಿತ್ತು. ನಮ್ಮದು ಎಡಸುತ್ತು ಅಮ್ಮ," ಎಂದೆ ಒಮ್ಮೆ. "ನನ್ನ ದೇವರಿಗೆ ಎಡ ಬಲ ಎಲ್ಲ ಒಂದೇ," ಎಂದರು ಅವರು.

ನಾವು ಹೋಗಬಹುದಾದ ಮಂಗಳೂರು ಸಣ್ಣದಾಗುತ್ತಾ ಬಂತು. ಇದು ಏರು, ಬೇಡ. ಇದು ಬಲತಿರುವು, ಬೇಡ. ಇಲ್ಲಿ ಒಳಗೆ ಹೋದರೆ ಹೊರಗೆ ಬರಲು ಆಗದು. ಬಂದರಿನ ಒಂದು ಸಂದಿಯಲ್ಲಿ ಎರಡು ಗೋಡೆಗಳ ನಡುವೆ ಕಾರು ಅತ್ತ ಇತ್ತ ಆಗದೆ ಸಿಕ್ಕಿಕೊಂಡಾಗ ಮೂಟೆ ಹೊರುವವರು ಬಂದು ಹಿಂದಿನಿಂದ ಎತ್ತಿ ತಿರುಗಿಸಬೇಕಾಯಿತು. ಡಾಕ್ಟರಮ್ಮ ಅಷ್ಟು ಹೊತ್ತೂ ಕಾರಿನಿಂದ ಇಳಿಯಲಿಲ್ಲ. ಇಳಿದರೆ ಸ್ವಲ್ಪ ಹಗುರವಾದೀತು ಎಂದು ನಾನು ಹೇಳಿದ್ದಕ್ಕೆ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಆ ಕಾರಿನಿಂದ ಒಮ್ಮೆ ಇಳಿದರೆ ಮತ್ತೆ ಹತ್ತಲು ಬಿಡಲಿಕ್ಕಿಲ್ಲ ಎಂಬ ಹೆದರಿಕೆ ಅವರಿಗಿತ್ತು ಎಂದು ಈಗ ಅನಿಸುತ್ತದೆ.

ಕೂಳೂರಿನ ಹೊಳೆಯ ಆಚೆ ಒಬ್ಬಳು ಬಸುರಿ ಇದ್ದಳು. ಮಗು ಅಡ್ಡ ಮಲಗಿದೆ ಎಂದು ಡಾಕ್ಟರಮ್ಮ ಮುಂಚೆಯೇ ನೋಡಿ ಹೇಳಿದ್ದರು. ಅಂಥ ಮಗುವನ್ನು ಒಳಗೆ ಕೈ ಹಾಕಿ ತಿರುಗಿಸಿ ತೆಗೆಯಬೇಕು, ಅದು ಡಾಕ್ಟರರ ಕೆಲಸ, ನನ್ನಂಥ ಸೂಲಗಿತ್ತಿಯದಲ್ಲ. ಮಳೆ ಹಿಂದೆ ಸರಿದ ಸಮಯ. ಒಂದು ಮಧ್ಯಾಹ್ನ ಆಕೆಯ ಗಂಡ ಓಡಿ ಬಂದ, ನೋವು ಶುರುವಾಗಿದೆ ಎಂದ. ಬೇಕಾದರೆ ಅವಳನ್ನು ಆಸ್ಪತ್ರೆಗೆ ತರಬೇಕಲ್ಲ, ಹಾಗಾಗಿ ಕಾರನ್ನೂ ಹೊಳೆ ದಾಟಿಸುವುದೆಂದಾಯಿತು. ಗಂಡ ಸಣ್ಣ ದೋಣಿಯಲ್ಲಿ ಮುಂದೆ ಹೋದ.

ಆಗ ಅಲ್ಲಿ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲಿನಲ್ಲಿ ಕಾರು, ಬಸ್ಸು ಎಲ್ಲ ದಾಟುತ್ತಿದ್ದವು. ಹೊಳೆ ದಾಟಿಸುವ ಕಡವಿನವರಲ್ಲಿ ಒಂದು ಪದ್ಧತಿ ಇತ್ತು. ದಾಟುವ ವಾಹನ ಜರುಗದ ಹಾಗೆ ಚಕ್ರಕ್ಕೆ ಮರದ ಬೆಣೆ ಕೊಡಬೇಕು. ದಿನಾ ಬರುವ ಒಂದೊಂದು ವಾಹನಕ್ಕೂ ಅದರ ಚಕ್ರದ ಅಳತೆಗೆ ಕೆತ್ತಿದ ಬೇರೆ ಬೇರೆ ಬೆಣೆ. ಬಸ್ಸಿನದು ಮೊಣಕಾಲೆತ್ತರ, ನಮ್ಮ ಬೇಬಿಯದು ಅಂಗೈಯಷ್ಟು. ದೊಡ್ಡ ಚಕ್ರ ಹಾಕಿಸಿದ ಮೇಲೆ ನಾವು ಹೊಳೆ ದಾಟುತ್ತಿದ್ದದ್ದು ಅದೇ ಮೊದಲು.

"ಡಾಕ್ಟರಮ್ಮನ ಬೆಣೆ ತಕೊಂಡು ಬಾ," ಎಂದು ಕಡವಿನವರ ಮುಖ್ಯಸ್ಥ ತಂಡೇಲ ತನ್ನವರಿಗೆ ಕೂಗಿದ. ಎಷ್ಟೋ ವರ್ಷದಿಂದ ದಾಟಿಸುತ್ತಾ ಇದ್ದವನು. ಡಾಕ್ಟರಮ್ಮನ ಮುಖ ನೋಡಿ ಕೈಮುಗಿದ, ಕುಶಲ ಕೇಳಿದ, ಚಕ್ರವನ್ನು ನೋಡಲಿಲ್ಲ. ಗುರುತಿನ ಕಾರಿನ ಚಕ್ರವನ್ನು ಯಾರು ನೋಡುತ್ತಾರೆ? ಅವಸರದಲ್ಲಿ ನಾವೂ ನೋಡಲಿಲ್ಲ. ಬೆಣೆ ಕೊಟ್ಟಾಯಿತು, ಜಂಗಲ್ ಹೊರಟಿತು. ನಾವಿಬ್ಬರೂ ಕಾರಿನಲ್ಲೇ ಕುಳಿತಿದ್ದೆವು.

ಹೊಳೆಯಲ್ಲಿ ಮೇಲಿನ ನೀರು ಇನ್ನೂ ಜೋರಾಗಿತ್ತು. ನಡುವಿಗೆ ಬಂದಾಗ ಜಂಗಲ್ ಒಮ್ಮೆ ಮುಂದಕ್ಕೆ ಬಾಗಿತು. ನಮ್ಮ ಚಕ್ರ ಆ ಗಿಡ್ಡ ಬೆಣೆಯನ್ನು ಹೊಸ್ತಿಲು ದಾಟಿದ ಹಾಗೆ ದಾಟಿತು. ಡಾಕ್ಟರಮ್ಮ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಬಲಗಾಲಿನಿಂದ ಬ್ರೇಕು ತುಳಿದರು. ಕಾರು ಜಾರಿ ಜಾರಿ ಹಲಗೆಯ ಕೊನೆಯಲ್ಲಿ ನಿಂತಿತು. ಮುಂದೆ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಭಾರ ಮುಂದೆ ಬಂದು ಜಂಗಲಿನ ಮೂಗು ಹೊಳೆಗೆ ತಾಗಿ, ಹಲಗೆಯ ಮೇಲೆ ನೀರು ಹರಿಯತೊಡಗಿತು.

"ಕಾಲು ತೆಗಿಬೇಡಿ ಅಮ್ಮ. ಯಾರೂ ಅಲ್ಲಾಡ್ಬೇಡಿ," ಎಂದ ತಂಡೇಲ. ಅವನವರೆಲ್ಲ ಹಿಂದಕ್ಕೆ ಓಡಿ ಭಾರ ಕೊಟ್ಟರು. ಹಿಂದಿನ ಚಕ್ರಕ್ಕೆ ಹಗ್ಗ ಕಟ್ಟಿದರು, ಸಿಕ್ಕಿದ ಮರದ ತುಂಡು ತುರುಕಿದರು. ಕೈಬ್ರೇಕು ಆ ದೊಡ್ಡ ಚಕ್ರಗಳ ಮುಂದೆ ಲೆಕ್ಕಕ್ಕೇ ಇರಲಿಲ್ಲ. ಆದರೆ ಒದ್ದೆ ಹಲಗೆಯನ್ನು ನಂಬುವ ಧೈರ್ಯ ಯಾರಿಗೂ ಇರಲಿಲ್ಲ. ಆ ಸ್ಥಿತಿಯಲ್ಲಿ ಜಂಗಲನ್ನು ದಡಕ್ಕೆ ಒಯ್ಯುವಂತಿಲ್ಲ. ಸ್ವಲ್ಪ ಕೆಳಗೆ ಇದ್ದ ಮರಳಿನ ದಿಬ್ಬಕ್ಕೆ ಮೆಲ್ಲಗೆ ತೇಲಿಸಿ ತಾಗಿಸಿದರು. ಕಡಲಿನ ಇಳಿತ ಬಂದು ನೀರು ಕಡಿಮೆಯಾಗಿ ಜಂಗಲ್ ಮರಳಿನ ಮೇಲೆ ಗಟ್ಟಿಯಾಗಿ ಕೂರಬೇಕು. ಅಲ್ಲಿಯ ತನಕ ಆ ಕಾರು, ಆ ಜಂಗಲ್, ಅದರ ಮೇಲಿದ್ದವರು ಎಲ್ಲ ನಿಂತದ್ದು ಡಾಕ್ಟರಮ್ಮನ ಒಂದು ಕಾಲಿನ ಮೇಲೆ.

ಆಚೆ ದಡದಲ್ಲಿ ಬಸುರಿಯ ಮನೆ ಕಾಣುತ್ತಿತ್ತು. ಗಂಡ ನೀರಿಗೆ ಇಳಿದು ನಿಂತು ತಲೆಯ ಮುಂಡಾಸು ಬಿಚ್ಚಿ ಬೀಸುತ್ತಿದ್ದ. ಸಣ್ಣ ದೋಣಿಯೊಂದು ಜಂಗಲಿನ ಹಿಂಬದಿಗೆ ಬಂದು ನಿಂತಿತು.

"ಅಮ್ಮ, ನಾನು ಈ ಬದಿಯಿಂದ ಕಾಲು ತೂರಿಸಿ ಬ್ರೇಕು ಹಿಡಿತೇನೆ," ಎಂದೆ. "ಎರಡು ಕಾಲು ಒಟ್ಟಿಗೆ ಇರ್ಲಿ, ಮತ್ತೆ ನೀವು ಮೆಲ್ಲ ತೆಗಿರಿ. ನೀವು ದೋಣಿಯಲ್ಲಿ ಹೋಗಿ."

"ಬೇಡ."

"ನನಗೆ ಈಜು ಬರ್ತದೆ. ನಿಮಗೆ ಬರುದಿಲ್ಲ. ಮಗು ಅಡ್ಡ ಉಂಟು, ನನ್ನಿಂದ ಎಂತ ಆಗ್ತದೆ ಅಲ್ಲಿ?"

ಅವರು ಮುಂದಿನ ನೀರನ್ನೇ ನೋಡುತ್ತಿದ್ದರು. ಹಣೆಯ ಬೆವರು ಗಲ್ಲಕ್ಕೆ ಇಳಿದು ತೊಟ್ಟಿಕ್ಕುತ್ತಿತ್ತು, ಒರೆಸಲು ಕೈ ತೆಗೆಯುವಂತಿರಲಿಲ್ಲ. "ಈ ಚಕ್ರ ಹಾಕಿಸಿದ್ದು ನಾನು," ಎಂದರು. "ಇದರಲ್ಲಿ ನಿನ್ನನ್ನು ಕೂರಿಸಿ ನಾನು ಹೋಗ್ಲಿಕ್ಕಿಲ್ಲ. ನೀನು ಹೋಗು, ಗಿರಿಜಾ. ಅವಳನ್ನು ಎಡಮಗ್ಗುಲಿಗೆ ಮಲಗಿಸು. ದಮ್ಮು ಕಟ್ಟಿ ಮುಕ್ಕಲಿಕ್ಕೆ ಬಿಡ್ಬೇಡ. ನಾನು ಬರ್ತೇನೆ."

ಹೆಚ್ಚು ಮಾತಾಡಿದರೆ ಕಾರು ಅಲುಗಾಡೀತು ಎಂದು ನಾನು ಚೀಲ ಹಿಡಿದು ಮೆಲ್ಲಗೆ ಕಾರಿನಿಂದ ಇಳಿದು ಹಿಂಬದಿಯ ದೋಣಿಗೆ ಹೋದೆ. ಆ ವಾದದಲ್ಲಿ ಅವರದು ತಪ್ಪೆಂದೇ ನನ್ನ ಅಭಿಪ್ರಾಯ, ಇವತ್ತಿಗೂ. ನನ್ನ ಜೀವಕ್ಕೆ ಅವರು ಕೊಟ್ಟ ಬೆಲೆ ನನಗೆ ಗೊತ್ತು, ಅದಕ್ಕಾಗಿ ಅವರ ಮೇಲೆ ಪ್ರೀತಿಯೂ ಇದೆ, ಸಿಟ್ಟೂ ಇದೆ. ಬೆಂಗ್ರೆಯ ಹುಡುಗಿಯರು ಹೊಳೆಯಲ್ಲಿ ಸಾಯುವವರಲ್ಲ ಎಂದು ಅವರಿಗೆ ಯಾರು ಹೇಳಬೇಕಿತ್ತು?

ಅವರು ಹೇಳಿದ್ದನ್ನೆಲ್ಲ ನಾನು ಮಾಡಿದೆ. ಎಡಮಗ್ಗುಲಿಗೆ ಮಲಗಿಸಿದೆ, ಮುಕ್ಕದಂತೆ ನೋಡಿಕೊಂಡೆ, ಬೆನ್ನು ನೀವಿದೆ. ಆಕೆ ನನ್ನ ಕೈ ಹಿಡಿದು "ಡಾಕ್ಟರಮ್ಮ ಎಲ್ಲಿ" ಎಂದು ಕೇಳುತ್ತಲೇ ಇದ್ದಳು. ಕಿಟಕಿಯಿಂದ ನೋಡಿದರೆ ಎತ್ತರದ ಆ ಕಾರು ಹೊಳೆಯ ನಡುವೆ ಹಾಗೆಯೇ ಇತ್ತು. ಇಳಿತ ತನ್ನ ಹೊತ್ತಿಗೆ ಬರುತ್ತದೆ, ನಮ್ಮ ಹೊತ್ತಿಗೆ ಬರುವುದಿಲ್ಲ.

ಡಾಕ್ಟರಮ್ಮ ಬಂದಾಗ ಬಿಸಿಲು ಇಳಿದಿತ್ತು. ಬಲಗಾಲು ಜೋಮು ಹಿಡಿದು ಎಳೆಯುತ್ತಾ ಬಂದರು. ಕೈ ತೊಳೆದು ಕೆಲಸಕ್ಕೆ ಕೂತರು. ತಾಯಿ ಉಳಿದಳು. ಮಗು ಉಳಿಯಲಿಲ್ಲ. ಗಂಡು ಮಗು. ಅದನ್ನು ತಾವೇ ಸ್ನಾನ ಮಾಡಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಡನ ಕೈಗೆ ಕೊಟ್ಟರು. ಆತ ಬೈಯಬಹುದು ಎಂದುಕೊಂಡಿದ್ದೆ. ಅವನು "ನೀವು ಬಂದ್ರಲ್ಲ ಅಮ್ಮ" ಎಂದ. ಬೈದಿದ್ದರೆ ಒಳ್ಳೆಯದಿತ್ತು.

ಹಿಂದೆ ಬರುವಾಗ ಕಡವಿನವರು ಬಸ್ಸಿನ ಬೆಣೆ ಕೊಟ್ಟರು. ಕೊಡಿಯಾಲ್‌ಬೈಲು ಹತ್ತಿರವಾಗುತ್ತಾ ಬಂತು.

"ಬೆಣೆ ಗಿಡ್ಡ ಅಂತ ನನಗೆ ಕಾಣ್ಬೇಕಿತ್ತು," ಎಂದರು ಡಾಕ್ಟರಮ್ಮ.

"ಯಾರಿಗೂ ಕಾಣ್ಲಿಲ್ಲ ಅಮ್ಮ."

"ಬೇರೆಯವರ ಮಾತು ಬೇಡ."

ಅದೇ ವಾರ ಅವರು ಅಣ್ಣನ ಮುಂದೆ ನಿಂತು "ಟಯರು ತರಿಸಿ" ಎಂದರಂತೆ. ಷರತ್ತನ್ನು ಅಣ್ಣ ಮತ್ತೆ ಹೇಳಲೂ ಇಲ್ಲ. ಸರಿಯಾದ ಅಳತೆಯ ನಾಲ್ಕು ಹೊಸ ಟಯರು ಬಂದವು, ಬೇಬಿಯ ಹಳೆಯ ಚಕ್ರಗಳ ಮೇಲೆ ಏರಿದವು. ನನ್ನನ್ನು ಕೂರಿಸಿಕೊಂಡು ಇಗರ್ಜಿಯ ತನಕ ಒಮ್ಮೆ ಹೋಗಿಬಂದರು. ಕಾರು ಬೆಣ್ಣೆಯ ಹಾಗೆ ಓಡಿತು, ಬೆರಳಿನಲ್ಲಿ ತಿರುಗಿಸಿದರೆ ಬಲಕ್ಕೆ ತಿರುಗಿತು, ಮೆಲ್ಲಗೆ ಒತ್ತಿದರೆ ನಿಂತಿತು. ಮರುದಿನದಿಂದ ಮುಂದಿನ ಕೋಣೆಯಲ್ಲಿ ಪರದೆಯ ಹಿಂದೆ ಕುಳಿತರು. ಶೀತ, ಕೆಮ್ಮು, ಹೊಟ್ಟೆ ಉಬ್ಬರದ ಶ್ರೀಮಂತ ಹೆಂಗಸರು ಬಂದುಹೋದರು. ಡಾಕ್ಟರಮ್ಮ ಬಹಳ ಸಾಧುವಾಗಿದ್ದಾರೆ ಎಂದು ಊರು ಹೊಗಳಲು ಶುರುಮಾಡಿದ್ದು ಆಗಲೇ. ಹೊರಗಿನ ಹೆರಿಗೆಗಳಿಗೆ ನಾನು ಒಬ್ಬಳೇ ಹೋಗತೊಡಗಿದೆ.

ಒಂದು ವರ್ಷ ದಾಟಿರಬೇಕು. ಕೂಳೂರಿನ ಆ ಗಂಡ ಮತ್ತೆ ಬಂದ. ಹೆಂಡತಿಗೆ ಮತ್ತೆ ದಿನ ತುಂಬಿತ್ತು, ನೋವು ಬಂದಿತ್ತು. ಈ ಸಲ ಮಗು ಸರಿಯಾಗಿ, ತಲೆ ಕೆಳಗಾಗಿಯೇ ಇತ್ತು, ನಾನೇ ನೋಡಿದ್ದೆ. ನನ್ನೊಬ್ಬಳಿಂದಲೇ ಆಗುವ ಹೆರಿಗೆ. ಆದರೂ ಅವಳಿಗೆ ಡಾಕ್ಟರಮ್ಮ ಬೇಕಂತೆ. "ಅವ್ರು ಬಂದು ಸುಮ್ಮನೆ ಹತ್ರ ಕೂತ್ರೆ ಸಾಕು ಅಂತ ಹೇಳ್ತಾಳೆ," ಎಂದು ಆತ ಪರದೆಯ ಹೊರಗೆ ನಿಂತು ಹೇಳಿದ.

ಅಣ್ಣ ಕೋರ್ಟಿಗೆ ಹೋಗಿದ್ದರು. ಮನೆಯಲ್ಲಿ ತಡೆಯುವವರು ಯಾರೂ ಇರಲಿಲ್ಲ. ಹೊಸ ಟಯರಿನ ಕಾರು ಶೆಡ್ಡಿನಲ್ಲಿತ್ತು.

"ಬನ್ನಿ ಅಮ್ಮ," ಎಂದೆ ನಾನು. "ಕಾರು ಬೇಡ ಅಂತಾದ್ರೆ ಬೇಡ. ಕಡವಿನ ತನಕ ಬಸ್ಸು ಉಂಟು. ದೋಣಿಯಲ್ಲಿ ನಾನು ಕೈ ಹಿಡಿತೇನೆ. ಸಂಜೆಗೆ ಮೊದಲು ಬರುವ. ಯಾರಿಗೂ ಗೊತ್ತಾಗುದಿಲ್ಲ."

ಡಾಕ್ಟರಮ್ಮ ಮೇಜಿನ ಮೇಲೆ ಕೈಯೂರಿ ಕುಳಿತಿದ್ದರು. ಏಳುತ್ತಾರೆ ಎಂದೇ ನನಗೆ ಅನಿಸಿತು. ಹೆಗಲಿನ ಪಿನ್ನು ಸರಿಮಾಡಿಕೊಂಡರು, ಬಾಗಿಲ ಪರದೆಯತ್ತ ನೋಡಿದರು. ಆಮೇಲೆ ಮಂದಸ್ವರದಲ್ಲಿ, ಅಣ್ಣನ ಎದುರು ಆಡುವ ದನಿಯಲ್ಲಿ, "ನೀನು ಹೋಗು, ಗಿರಿಜಾ" ಎಂದರು. ಅವರ ಚೀಲ ಮೇಜಿನ ಕೆಳಗಿತ್ತು. ತೆಗೆದುಕೊಳ್ಳಲು ನಾನು ಬಗ್ಗಿದೆ. ಅಲ್ಲಿ ಅವರ ಬಲಗಾಲು ಕಂಡಿತು. ಹಿಮ್ಮಡಿ ಮೇಲೆದ್ದಿತ್ತು, ಬೆರಳುಗಳು ಬಿಳಿಚಿಕೊಂಡಿದ್ದವು, ಮುಂಗಾಲಿನಿಂದ ಅವರು ನೆಲವನ್ನು ಇದ್ದ ಶಕ್ತಿಯೆಲ್ಲ ಹಾಕಿ ಒತ್ತಿ ಹಿಡಿದಿದ್ದರು.